ವಿಪತ್ತಿನ ನಂತರ ಡೇ ಕೇರ್‌ಗೆ ಸರ್ಕಾರಿ ಹಣ: ಯಾವ ಜೇಬಿನಿಂದ, ಯಾವಾಗ, ಹೇಗೆ ಕೇಳಬೇಕು?

ಪ್ರವಾಹ, ಭೂಕಂಪ, ಚಂಡಮಾರುತ, ಯಾವುದೇ ಬಂದು ಹೋದರೂ ಆಮೇಲೆ ಓದುಗರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ನಮ್ಮ ಡೇ ಕೇರ್ ಹಾಳಾಗಿದೆ. ಸರ್ಕಾರ ಹಣ ಕೊಡುತ್ತದಂತೆ. ಹೇಗೂ ಕಟ್ಟಲೇಬೇಕು, ಈ ಸಲ ಸ್ವಲ್ಪ ದೊಡ್ಡದಾಗೇ ಕಟ್ಟಿ ಜಾಸ್ತಿ ಮಕ್ಕಳನ್ನು ಸೇರಿಸಿಕೊಳ್ಳಬಹುದಾ? ಶುಲ್ಕವನ್ನೂ ಕಡಿಮೆ ಇಡಬೇಕು ಅಂತಿದ್ದೇವೆ."

ಸೇರಿಸಿಕೊಳ್ಳಬಹುದು. ಆದರೆ ಈ ಒಂದು ಪ್ರಶ್ನೆಯೊಳಗೆ ಮೂರು ಬೇರೆ ಬೇರೆ ಹಣ ಅಡಗಿದೆ. ಹಾಳಾದದ್ದನ್ನು ಸರಿಮಾಡುವ ಹಣ ಒಂದು. ಮೊದಲಿಗಿಂತ ದೊಡ್ಡದು ಮಾಡುವ ಹಣ ಇನ್ನೊಂದು. ಶುಲ್ಕ ಏರಿಸದೆ ದಿನಾ ಬಾಗಿಲು ತೆರೆದಿಡುವ ಹಣ ಮತ್ತೊಂದು. ಮೂರೂ ಸರ್ಕಾರದ್ದೇ. ಆದರೆ ಜೇಬು ಬೇರೆ, ನಿಯಮ ಬೇರೆ, ಗಡುವು ಬೇರೆ. ಮೂರನ್ನೂ ಒಂದೇ ಅರ್ಜಿಯಲ್ಲಿ ಕಲಸಿಬಿಟ್ಟರೆ ಅದು ಯಾವ ಮೇಜಿನ ಮೇಲೂ ನಿಲ್ಲುವುದಿಲ್ಲ, ಸುಮ್ನೆ ಸುತ್ತುತ್ತಿರುತ್ತದೆ.

ಈ ಲೇಖನ ಚಿಕ್ಕ ಕೇಂದ್ರ ನಡೆಸುವವರಿಗೆ, ಮನೆಯಲ್ಲೇ ನಾಲ್ಕಾರು ಮಕ್ಕಳನ್ನು ನೋಡಿಕೊಳ್ಳುವವರಿಗೆ, ಇಂಥ ಕೆಲಸಕ್ಕೆ ಕೈಹಾಕಿದ ಸಂಘಗಳಿಗೆ. ನಿಯಮಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಉದಾಹರಣೆ ಬೇಕಾದ ಕಡೆ ಅಮೆರಿಕ ಮತ್ತು ಭಾರತದ ನಿಯಮಗಳನ್ನು ತೆಗೆದುಕೊಂಡಿದ್ದೇನೆ. ಹಂತಗಳು ಮಾತ್ರ ಎಲ್ಲ ಕಡೆ ಇವೇ.

1. ತೊಳೆಯುವ ಮೊದಲು ಫೋಟೊ ತೆಗೆಯಿರಿ

ನೀರು ಇಳಿದ ತಕ್ಷಣ ಎಲ್ಲರೂ ಪೊರಕೆ ಹಿಡಿಯುತ್ತಾರೆ. ಒದ್ದೆ ಹಾಸಿಗೆ, ಆಟಿಕೆ, ಕಪಾಟು ಎಲ್ಲ ರಸ್ತೆ ಬದಿಗೆ ಹೋಗುತ್ತದೆ. ಮೂರು ವಾರದ ನಂತರ ಅಧಿಕಾರಿ ಬಂದು "ಏನೇನು ಹಾಳಾಯಿತು?" ಅಂದರೆ ತೋರಿಸಲು ಖಾಲಿ ಕೋಣೆ ಮಾತ್ರ ಉಳಿದಿರುತ್ತದೆ. ನಾನು ಅರ್ಜಿ ಬರೆಯಲು ನೆರವಾದ ಒಂದು ಕೇಂದ್ರದಲ್ಲಿ ಹೀಗೇ ಆಯಿತು. ಎಷ್ಟು ಬೇಗ ಸ್ವಚ್ಛ ಮಾಡಿದ್ದರೆಂದರೆ ನೀರು ಒಳಗೆ ಬಂದಿತ್ತು ಅನ್ನುವುದಕ್ಕೇ ಸಾಕ್ಷಿ ಇರಲಿಲ್ಲ.

ಮಾಡಬೇಕಾದದ್ದು ಇಷ್ಟು:

- ಪ್ರತಿ ಕೋಣೆಯ ನಾಲ್ಕೂ ಮೂಲೆಯ ಫೋಟೊ. ಗೋಡೆಯ ಮೇಲೆ ನೀರು ನಿಂತ ಗೆರೆ ಕಾಣಲಿ. ಪಕ್ಕದಲ್ಲಿ ಅಳತೆ ಟೇಪು ಹಿಡಿಯಿರಿ.
- ಹಾಳಾದ ವಸ್ತುಗಳ ಪಟ್ಟಿ: ಏನು, ಎಷ್ಟು, ಯಾವಾಗ ಕೊಂಡದ್ದು.
- ವಿಮೆ ಇದ್ದರೆ ಅದೇ ದಿನ ಕಂಪನಿಗೆ ಲಿಖಿತ ಸೂಚನೆ. ಫೋನ್ ಕರೆ ಸಾಲದು.
- ಸ್ವಚ್ಛತೆಗೆ ಮಾಡಿದ ಪ್ರತಿ ಖರ್ಚಿನ ರಸೀದಿ.
- ಸ್ವಯಂಸೇವಕರ ಹಾಜರಿ ಪುಸ್ತಕ: ಹೆಸರು, ದಿನ, ಗಂಟೆ, ಮಾಡಿದ ಕೆಲಸ, ಸಹಿ.

ಕೊನೆಯದು ಯಾಕೆ ಅಂತ ಕೇಳುತ್ತೀರಿ. ಅನುದಾನ ಕೊಡುವವರು ಹಲವು ಸಲ ಪೂರ್ತಿ ಹಣ ಕೊಡುವುದಿಲ್ಲ. ಒಂದು ಭಾಗ ನಿಮ್ಮ ಕಡೆಯಿಂದ ಬರಬೇಕು ಅನ್ನುತ್ತಾರೆ. ಇದಕ್ಕೆ ಪಾಲು ಹಣ ಅಂತ ಹೆಸರು. ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ಸಾಮಾನ್ಯವಾಗಿ ಕನಿಷ್ಠ ಶೇ 75 ಕೊಡುತ್ತದೆ, ಉಳಿದದ್ದನ್ನು ಸ್ಥಳೀಯರು ಹೊಂದಿಸಬೇಕು. ಸರಿಯಾದ ದಾಖಲೆ ಇದ್ದರೆ ಸ್ವಯಂಸೇವಕರ ದುಡಿಮೆಯನ್ನೂ ಆ ಪಾಲಿನಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ. ಪುಸ್ತಕದಲ್ಲಿ ಬರೆಯದ ಗಂಟೆಗೆ ಬೆಲೆ ಇಲ್ಲ.

2. ಗೋಡೆ ಎಣಿಸಬೇಡಿ, ಸೀಟು ಎಣಿಸಿ

ಅರ್ಜಿಯ ಬೆನ್ನೆಲುಬು ಮೂರು ಸಂಖ್ಯೆಗಳು. ವಿಪತ್ತಿಗೆ ಮೊದಲು ಎಷ್ಟು ಮಕ್ಕಳಿಗೆ ಪರವಾನಗಿ ಇತ್ತು? ಈಗ ಎಷ್ಟು ಮಕ್ಕಳನ್ನು ಸುರಕ್ಷಿತವಾಗಿ ಇಟ್ಟುಕೊಳ್ಳಬಹುದು? ಈಗ ಎಷ್ಟು ಸೀಟು ಬೇಕಾಗಿದೆ?

ಉದಾಹರಣೆಗೆ ಮೊದಲು 60, ಈಗ 25, ಬೇಕಾಗಿರುವುದು 90 ಅಂದುಕೊಳ್ಳಿ. 25ರಿಂದ 60ರವರೆಗಿನ 35 ಸೀಟು "ಮರಳಿ ತೆರೆಯುವುದು". 60ರಿಂದ 90ರವರೆಗಿನ 30 ಸೀಟು "ವಿಸ್ತರಣೆ". ಮುಂದಿನ ಎಲ್ಲ ಹಂತಗಳಲ್ಲೂ ಈ ಗೆರೆ ಅಳಿಸದಂತೆ ನೋಡಿಕೊಳ್ಳಿ.

ವಿಪತ್ತಿನ ನಂತರ ಜನ ಊರು ಬಿಟ್ಟು ಹೋಗುತ್ತಾರೆ, ಮಕ್ಕಳೂ ಕಡಿಮೆ ಆಗುತ್ತಾರೆ, ಹೆಚ್ಚು ಸೀಟು ಯಾಕೆ ಅಂತ ಅಧಿಕಾರಿ ಕೇಳಬಹುದು. ಕೇಳುವುದು ನ್ಯಾಯವೇ. ಉತ್ತರ ನಿಮ್ಮ ಹತ್ತಿರ ಇರಬೇಕು. ಮಗುವನ್ನು ನೋಡಿಕೊಳ್ಳುತ್ತಿದ್ದ ಅಜ್ಜಿ ಬೇರೆ ಊರಿನ ನೆಂಟರ ಮನೆ ಸೇರಿರುತ್ತಾರೆ. ಅಕ್ಕಪಕ್ಕದ ಎರಡು ಕೇಂದ್ರ ಮುಚ್ಚಿರುತ್ತವೆ. ಒಬ್ಬರ ಸಂಬಳದಲ್ಲಿ ನಡೆಯುತ್ತಿದ್ದ ಮನೆಗೆ ಈಗ ಇಬ್ಬರ ದುಡಿಮೆ ಬೇಕು. ದಾದಿಯರು, ವಿದ್ಯುತ್ ಕೆಲಸದವರು, ಕಟ್ಟಡ ಕಾರ್ಮಿಕರು ಎರಡು ಪಾಳಿ ದುಡಿಯುತ್ತಿರುತ್ತಾರೆ. ನಿಮ್ಮ ಕಾಯುವ ಪಟ್ಟಿಯಲ್ಲಿ ಮಗುವಿನ ಹೆಸರಿನ ಪಕ್ಕ "ಕಾರಣ" ಅಂತ ಒಂದು ಕಾಲಂ ಹಾಕಿ. ತಿಂಗಳೊಪ್ಪತ್ತಿನಲ್ಲಿ ಅದೇ ನಿಮ್ಮ ಪುರಾವೆ ಆಗುತ್ತದೆ.

ವಯಸ್ಸನ್ನೂ ಬಿಡಿಸಿ ಬರೆಯಿರಿ. ಎಲ್ಲ ಸೀಟೂ ಒಂದೇ ಅಲ್ಲ. ಅಮೆರಿಕದಲ್ಲಿ ಬಡ ಕುಟುಂಬಗಳ ಕೂಸುಗಳಿಗಾಗಿ ಇರುವ ಸರ್ಕಾರಿ ಯೋಜನೆ ಅರ್ಲಿ ಹೆಡ್ ಸ್ಟಾರ್ಟ್‌ನಲ್ಲಿ ಮೂರು ವರ್ಷದೊಳಗಿನ ನಾಲ್ಕು ಮಕ್ಕಳಿಗೆ ಒಬ್ಬರು ಶಿಕ್ಷಕರು ಇರಬೇಕು. ಭಾರತದ ರಾಷ್ಟ್ರೀಯ ಶಿಶುಪಾಲನಾ ಯೋಜನೆ 25 ಮಕ್ಕಳ ಕೇಂದ್ರಕ್ಕೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಅಂತ ಇಟ್ಟಿತ್ತು. ಎರಡರ ನಡುವಿನ ಅಂತರ ನೋಡಿ. ಕೂಸುಗಳ ಸೀಟು ದುಬಾರಿ, ಮತ್ತು ವಿಪತ್ತಿನ ನಂತರ ಮೊದಲು ಮಾಯವಾಗುವುದೂ ಅದೇ. ಒಟ್ಟು ಸಂಖ್ಯೆ ಮಾತ್ರ ಬರೆದವರಿಗೆ ದೊಡ್ಡ ಮಕ್ಕಳ ಲೆಕ್ಕದ ಹಣ ಸಿಗುತ್ತದೆ, ಬಾಗಿಲಲ್ಲಿ ನಿಲ್ಲುವವರು ಮಾತ್ರ ಕೂಸು ಎತ್ತಿಕೊಂಡವರು.

3. ಯಾವ ಜೇಬು ಅಂತ ಗುರುತಿಸಿ

ಹೆಚ್ಚು ಜನ ಎಡವುವ ಹಂತ ಇದು. ಸ್ವಲ್ಪ ನಿಧಾನವಾಗಿ ಓದಿ. ಮೊದಲು ಹೇಳಿದ ಮೂರು ಹಣದ ಜತೆ, ತುರ್ತು ಹಣ ಮತ್ತು ಪೋಷಕರ ಹಣ ಅಂತ ಇನ್ನೆರಡು ಇವೆ.

ತುರ್ತು ಹಣ. ಪರಿಹಾರ ಶಿಬಿರದ ಹತ್ತಿರ ಮಕ್ಕಳನ್ನು ತಾತ್ಕಾಲಿಕವಾಗಿ ನೋಡಿಕೊಳ್ಳುವ ವ್ಯವಸ್ಥೆಗೆ ಸಿಗುವಂಥದ್ದು. ಬೇಗ ಬರುತ್ತದೆ, ಬೇಗ ನಿಲ್ಲುತ್ತದೆ. ಸಾಮಾನ್ಯವಾಗಿ ಸರ್ಕಾರಿ ಸಂಸ್ಥೆಯ ಮೂಲಕ ಬರುತ್ತದೆ. ಹಾಗಾಗಿ ನೀವು ಸ್ಥಳೀಯ ಆಡಳಿತದ ಜತೆ ಲಿಖಿತ ಒಪ್ಪಂದ ಮಾಡಿಕೊಂಡಿರಬೇಕು. ಬಾಯಿಮಾತಿನಲ್ಲಿ "ನೀವು ಶುರು ಮಾಡಿ, ಆಮೇಲೆ ನೋಡೋಣ" ಅಂದದ್ದನ್ನು ನಂಬಿ ಖರ್ಚು ಮಾಡಬೇಡಿ.

ದುರಸ್ತಿ ಹಣ. ಇದರ ಗುರಿ ಮೊದಲಿದ್ದ ಸ್ಥಿತಿಗೆ ತರುವುದು. ಅಷ್ಟೇ. ಫೆಮಾ ನಿಯಮದಲ್ಲಿ ಕಟ್ಟಡವನ್ನು ವಿಪತ್ತಿಗೆ ಮೊದಲಿದ್ದ ವಿನ್ಯಾಸ ಮತ್ತು ಸಾಮರ್ಥ್ಯಕ್ಕೆ ಮರಳಿಸಲು ಹಣ ಸಿಗುತ್ತದೆ. ಅದೇ ಕಾಮಗಾರಿಯಲ್ಲಿ ಇನ್ನೆರಡು ಕೋಣೆ ಸೇರಿಸಬೇಕಾ? ಮೊದಲೇ ಒಪ್ಪಿಗೆ ಪಡೆದು ಸೇರಿಸಬಹುದು. ಅದಕ್ಕೆ ಅವರ ಭಾಷೆಯಲ್ಲಿ "ಸುಧಾರಿತ ಯೋಜನೆ" ಅನ್ನುತ್ತಾರೆ. ಆದರೆ ಅವರ ಪಾಲು ಹಳೆಯ ಅಳತೆಯ ಅಂದಾಜಿನಲ್ಲೇ ನಿಲ್ಲುತ್ತದೆ, ಹೆಚ್ಚಿನ ಖರ್ಚು ನಿಮ್ಮದು. ಅಂದರೆ 60 ಸೀಟಿನ ದುರಸ್ತಿ ಹಣವನ್ನು 90 ಸೀಟಿನ ಕಟ್ಟಡಕ್ಕೆ ಹಾಕಬಹುದು, ಉಳಿದ 30 ಸೀಟಿನ ಹಣ ಬೇರೆ ಜೇಬಿನಿಂದ ಬರಬೇಕು.

ಭಾರತದಲ್ಲೂ ಇಂಥ ಗೆರೆ ಇದೆ. 15ನೇ ಹಣಕಾಸು ಆಯೋಗದ ಶಿಫಾರಸಿನಂತೆ 2021ರಿಂದ 2026ರವರೆಗಿನ ಅವಧಿಗೆ ವಿಪತ್ತು ನಿಧಿಯನ್ನು ಹೀಗೆ ಒಡೆದು ಇಟ್ಟರು: ಸ್ಪಂದನೆ ಮತ್ತು ಪರಿಹಾರಕ್ಕೆ ಶೇ 40, ಚೇತರಿಕೆ ಮತ್ತು ಪುನರ್‌ನಿರ್ಮಾಣಕ್ಕೆ ಶೇ 30, ಸಿದ್ಧತೆಗೆ ಶೇ 10, ಮುಂದಿನ ಅಪಾಯ ತಗ್ಗಿಸಲು ಶೇ 20. ಪರಿಹಾರದ ಕಿಟಕಿಯಲ್ಲಿ ನಿಂತು ಪುನರ್‌ನಿರ್ಮಾಣದ ಹಣ ಕೇಳಿದರೆ "ಇಲ್ಲಿ ಅಲ್ಲ" ಅಂತಾರೆ. ಅದನ್ನೇ ಜನ "ಇಲ್ಲ" ಅಂತ ಕೇಳಿಸಿಕೊಂಡು ಮನೆಗೆ ಬರುತ್ತಾರೆ.

ವಿಸ್ತರಣೆಯ ಹಣ. ಇದು ವಿಪತ್ತು ಇಲಾಖೆಯಲ್ಲಿ ಸಿಗುವುದು ಅಪರೂಪ. ಮಕ್ಕಳ ಕಲ್ಯಾಣ, ಶಿಕ್ಷಣ, ಕಾರ್ಮಿಕ ಇಲಾಖೆಗಳ ಮಾಮೂಲು ಯೋಜನೆಗಳಲ್ಲಿ ಹುಡುಕಬೇಕು. ಜತೆಗೆ, ದೊಡ್ಡ ವಿಪತ್ತಾದರೆ ಶಾಸನ ಸಭೆಗಳು ವಿಶೇಷ ಹಣ ಮಂಜೂರು ಮಾಡುತ್ತವೆ. ಅದರ ಮೇಲೆ ಕಣ್ಣಿಡಿ. ಅಮೆರಿಕದಲ್ಲಿ ಬಡ ಕುಟುಂಬಗಳ ಶಿಶುಪಾಲನೆಗೆ ಒಕ್ಕೂಟ ಸರ್ಕಾರ ರಾಜ್ಯಗಳಿಗೆ ಕೊಡುವ ಮಾಮೂಲು ನಿಧಿಯನ್ನು ರಾಜ್ಯಗಳು ಹೊಸ ಕಟ್ಟಡಕ್ಕೆ ಬಳಸುವಂತಿಲ್ಲ. ಆದರೆ 2018ರ ಫ್ಲಾರೆನ್ಸ್, ಮೈಕಲ್ ಚಂಡಮಾರುತಗಳ ನಂತರ, 2019ರ ಜೂನ್‌ನಲ್ಲಿ, ಅದೇ ನಿಧಿಗೆ 3 ಕೋಟಿ ಡಾಲರ್ ಹೆಚ್ಚುವರಿ ಕೊಟ್ಟಾಗ ಕಟ್ಟಡದ ಕೆಲಸಕ್ಕೂ ಬಾಗಿಲು ತೆರೆದರು. 2024ರ ಡಿಸೆಂಬರ್‌ನಲ್ಲಿ ಹೀಗೇ 25 ಕೋಟಿ ಡಾಲರ್ ಕೊಟ್ಟರು. ತಿಂಗಳುಗಳನ್ನು ಗಮನಿಸಿ. 2018ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗಾಳಿ ಬೀಸಿತು, ಹಣಕ್ಕೆ ಸಹಿ ಬಿದ್ದದ್ದು ಎಂಟು ಒಂಬತ್ತು ತಿಂಗಳ ಮೇಲೆ. ಅಷ್ಟರಲ್ಲಿ ಸುಸ್ತಾಗಿ ಕಡತ ಮುಚ್ಚಿಟ್ಟವರಿಗೆ ಸಿಗಲಿಲ್ಲ ಅಂದರೆ ಆಶ್ಚರ್ಯ ಇಲ್ಲ.

ನಡೆಸುವ ಹಣ. ಸಂಬಳ, ಬಾಡಿಗೆ, ವಿದ್ಯುತ್. ಸರ್ಕಾರಿ ಕಾಗದದಲ್ಲಿ ಇದಕ್ಕೆ ಆವರ್ತಕ ವೆಚ್ಚ ಅನ್ನುತ್ತಾರೆ, ಅಂದರೆ ಪ್ರತಿ ತಿಂಗಳು ಮತ್ತೆ ಮತ್ತೆ ಬರುವ ಖರ್ಚು. ಕಟ್ಟಡದಂಥ ಒಂದೇ ಸಲದ ಖರ್ಚು ಬಂಡವಾಳ ವೆಚ್ಚ. ಕಟ್ಟಡಕ್ಕೆ ಉದ್ಘಾಟನೆ ಇದೆ, ಫಲಕ ಇದೆ. ಸಂಬಳಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಹಾಗಾಗಿ ಬಂಡವಾಳ ಸಿಗುವುದು ಸುಲಭ, ಆವರ್ತಕ ಸಿಗುವುದು ಕಷ್ಟ. ನನ್ನನ್ನು ಕೇಳಿದರೆ ನೀವು ಮೊದಲು ಓಡಾಡಬೇಕಾದದ್ದು ಈ ಕಷ್ಟದ ಹಣಕ್ಕೇ.

ಪೋಷಕರ ಕೈಗೆ ಬರುವ ಹಣ. ಕೇಂದ್ರಕ್ಕೆ ಬದಲು ಕುಟುಂಬಕ್ಕೆ ಸಿಗುವ ನೆರವು. ಅಮೆರಿಕದಲ್ಲಿ 2013ರ ಕಾನೂನು ತಿದ್ದುಪಡಿಯ ನಂತರ ವಿಪತ್ತಿನಿಂದ ಹೆಚ್ಚಾದ ಶಿಶುಪಾಲನೆ ಖರ್ಚಿಗೆ ಕುಟುಂಬಗಳು ಫೆಮಾ ನೆರವು ಕೇಳಬಹುದು. ಇದನ್ನು ಪೋಷಕರೇ ಕೇಳಬೇಕು. ಆದರೆ ಅವರಿಗೆ ತಿಳಿಸುವುದು ನಿಮ್ಮ ಕೈಯಲ್ಲಿದೆ. ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಫಾರಂ ತುಂಬಲು ಒಂದು ಸಂಜೆ ಕುಳಿತುಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ. ನಿಮ್ಮ ಕೇಂದ್ರ ಯಾರ ಹೆಸರಿನಲ್ಲಿದೆ ಅನ್ನುವುದರ ಮೇಲೆ ಜೇಬು ಬದಲಾಗುತ್ತದೆ. ಫೆಮಾದ ದುರಸ್ತಿ ಹಣ ಸರ್ಕಾರಿ ಮತ್ತು ಲಾಭರಹಿತ ಕೇಂದ್ರಗಳಿಗೆ. ಲಾಭರಹಿತ ಕೇಂದ್ರವೂ ಶಾಶ್ವತ ದುರಸ್ತಿಗೆ ಮೊದಲು ಸಣ್ಣ ಉದ್ಯಮ ಇಲಾಖೆಯಲ್ಲಿ ವಿಪತ್ತು ಸಾಲಕ್ಕೆ ಅರ್ಜಿ ಹಾಕಬೇಕು. ಖಾಸಗಿಯಾಗಿ, ವ್ಯಾಪಾರವಾಗಿ ನಡೆಸುವವರಿಗೆ ಆ ದುರಸ್ತಿ ಅನುದಾನ ಇಲ್ಲ, ಸಾಲ ಮಾತ್ರ. ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರ ಪಾಡು ಇನ್ನೂ ಫಜೀತಿ: ಮನೆ ನೆರವಿಗೆ ಹೋದರೆ "ಇದು ಉದ್ಯಮ" ಅಂತಾರೆ, ಉದ್ಯಮ ನೆರವಿಗೆ ಹೋದರೆ "ಇದು ಮನೆ" ಅಂತಾರೆ. ಮನೆಯ ಹಾನಿ, ಕೆಲಸದ ಸಾಮಾನಿನ ಹಾನಿ ಎರಡನ್ನೂ ಬೇರೆ ಬೇರೆ ಪಟ್ಟಿ ಮಾಡಿ ಎರಡೂ ಕಡೆ ಹಾಕಿ.

4. ಕಾಯಬೇಡಿ, ತಾತ್ಕಾಲಿಕವಾಗಿ ತೆರೆಯಿರಿ

ಮುಚ್ಚಿದ ಕೇಂದ್ರಕ್ಕಿಂತ ಅರ್ಧ ತೆರೆದ ಕೇಂದ್ರದ ಅರ್ಜಿಗೆ ತೂಕ ಜಾಸ್ತಿ. ಶಾಲೆಯ ಒಂದು ಕೊಠಡಿ, ಸಮುದಾಯ ಭವನ, ಪ್ರಾರ್ಥನಾ ಮಂದಿರದ ಹಾಲ್, ಯಾವುದಾದರೂ ಸರಿ. ಆದರೆ ಬೇರೆ ಜಾಗಕ್ಕೆ ಹೋದಾಗ ಹಳೆಯ ಪರವಾನಗಿ ಜತೆಗೆ ಬರುವುದಿಲ್ಲ. ತಾತ್ಕಾಲಿಕ ಅನುಮತಿ ಪತ್ರ ಕೈಗೆ ಬರಲಿ, ಅದರಲ್ಲಿ ಕೊನೆಯ ದಿನಾಂಕ ಇರಲಿ. ಅಮೆರಿಕದಲ್ಲಿ 2014ರ ಕಾನೂನಿನಂತೆ ಪ್ರತಿ ರಾಜ್ಯವೂ ಶಿಶುಪಾಲನೆಗೆ ಪ್ರತ್ಯೇಕ ವಿಪತ್ತು ಯೋಜನೆ ಇಟ್ಟುಕೊಳ್ಳಬೇಕು. ತಾತ್ಕಾಲಿಕ ಕೇಂದ್ರ, ನಿಲ್ಲದ ಸಬ್ಸಿಡಿ ಎರಡೂ ಅದರಲ್ಲಿ ಬರುತ್ತವೆ. ನಿಮ್ಮಲ್ಲಿ ಅಂಥ ಯೋಜನೆ ಇದ್ದರೆ ಅದರ ಪುಟ ಸಂಖ್ಯೆ ಹಿಡಿದುಕೊಂಡೇ ಕಚೇರಿಗೆ ಹೋಗಿ.

ಜಾಗ ನೋಡುವಾಗ ಕೆಲವು ಅಳತೆ ನೆನಪಿರಲಿ. ಅಮೆರಿಕದ ಹೆಡ್ ಸ್ಟಾರ್ಟ್ ಯೋಜನೆಯ ಕೇಂದ್ರಗಳಲ್ಲಿ ಪ್ರತಿ ಮಗುವಿಗೆ ಒಳಗೆ ಕನಿಷ್ಠ 35 ಚದರ ಅಡಿ, ಹೊರಗೆ 75 ಚದರ ಅಡಿ ಬೇಕು. ಮಾನವೀಯ ನೆರವಿನ ಸ್ಫಿಯರ್ ಮಾನದಂಡದಲ್ಲಿ ಶಾಲೆಗಳಿಗೆ ದಿನಕ್ಕೆ ಮಗುವಿಗೆ 3 ಲೀಟರ್ ನೀರು, ಕುಡಿಯಲು ಮತ್ತು ಕೈ ತೊಳೆಯಲು ಮಾತ್ರ. ಡಯಾಪರ್ ಹಾಕುವ ಕೂಸುಗಳಿದ್ದರೆ ಇದು ಸಾಲುವುದೇ ಇಲ್ಲ.

ಬೂಷ್ಟು ವಿಷಯದಲ್ಲಿ ಧೈರ್ಯ ಬೇಡ. ನೀರು ಹೊಕ್ಕ ಜಾಗ 24ರಿಂದ 48 ಗಂಟೆಯೊಳಗೆ ಪೂರ್ತಿ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ. ಮೇಲೆ ಬಣ್ಣ ಬಳಿದರೆ ಹೋಗುವುದಿಲ್ಲ, ಒಳಗೇ ಬೆಳೆಯುತ್ತದೆ. ಬ್ಲೀಚ್ ಬಳಸಿ ತೊಳೆಯುವಾಗ ಅಮೋನಿಯಾ ಇರುವ ಯಾವ ಕ್ಲೀನರನ್ನೂ ಅದಕ್ಕೆ ಬೆರೆಸಬೇಡಿ, ವಿಷಗಾಳಿ ಬರುತ್ತದೆ. ಆ ಕೆಲಸ ಮುಗಿಯುವವರೆಗೆ ಮಕ್ಕಳು ಆ ಕಟ್ಟಡದಲ್ಲಿ ಇರಬಾರದು.

ಇನ್ನೊಂದು ಗೊಂದಲ. ಪರಿಹಾರ ಶಿಬಿರಗಳಲ್ಲಿ "ಮಕ್ಕಳ ಸ್ನೇಹಿ ತಾಣ" ಅಂತ ತೆರೆಯುತ್ತಾರಲ್ಲ, ಅದು ಡೇ ಕೇರ್ ಅಲ್ಲ. ಅಲ್ಲಿ ಮಕ್ಕಳು ಕೆಲವು ಗಂಟೆ ಆಡುತ್ತಾರೆ, ಸಾವರಿಸಿಕೊಳ್ಳುತ್ತಾರೆ. ಅಪ್ಪ ಅಮ್ಮ ಇಡೀ ದಿನ ಕೆಲಸಕ್ಕೆ ಹೋಗಲು ಅದು ಆಗುವುದಿಲ್ಲ. "ತಾಣ ಇದೆಯಲ್ಲ, ಇನ್ನೇನು ಬೇಕು?" ಅಂತ ಕೇಳಿದರೆ ತೆರೆದಿರುವ ಗಂಟೆ ಎಷ್ಟು ಅಂತ ಕೇಳಿ.

5. ಮೂರನೇ ವರ್ಷದ ಲೆಕ್ಕ ಹಾಕಿ

ಕೈಗೆಟುಕುವ ಶುಲ್ಕ ಅನ್ನುವುದು ಒಳ್ಳೆಯ ಮನಸ್ಸಿನಿಂದ ಬರುವುದಿಲ್ಲ, ಲೆಕ್ಕದಿಂದ ಬರುತ್ತದೆ. ತಿಂಗಳಿಗೆ ನಿಮ್ಮ ಒಟ್ಟು ಖರ್ಚು 100 ಭಾಗ ಅಂದುಕೊಳ್ಳಿ. 50 ಸೀಟು ತುಂಬಿದ್ದರೆ ಒಂದು ಮಗುವಿಗೆ 2 ಭಾಗ. ವಿಪತ್ತಿನ ನಂತರ 40 ಮಕ್ಕಳು ಮಾತ್ರ ಬಂದರು ಅನ್ನಿ. ಖರ್ಚು ಇಳಿಯುವುದಿಲ್ಲ, ಸಂಬಳ ಬಾಡಿಗೆ ಅಷ್ಟೇ ಇರುತ್ತದೆ. ಒಂದು ಮಗುವಿಗೆ 2.5 ಆಯಿತು. ಸರ್ಕಾರ ತಿಂಗಳಿಗೆ 40 ಭಾಗ ಕೊಟ್ಟರೆ ಉಳಿದ 60 ಭಾಗ 40 ಮಕ್ಕಳಿಗೆ ಹಂಚಿ ಶುಲ್ಕ 1.5. ಪೋಷಕರಿಗೆ ಖುಷಿ.

ಈಗ ಅನುದಾನ ನಿಂತ ತಿಂಗಳು ನೋಡಿ. ಶುಲ್ಕ ಒಂದೇ ಏಟಿಗೆ 1.5ರಿಂದ 2.5. ಅಷ್ಟು ಕೊಡಲಾಗದವರು ಮಗುವನ್ನು ಬಿಡಿಸುತ್ತಾರೆ. ಮಕ್ಕಳು ಕಡಿಮೆಯಾದರೆ ಉಳಿದವರ ಶುಲ್ಕ ಇನ್ನೂ ಏರುತ್ತದೆ. ಕೊರೊನಾ ಕಾಲದಲ್ಲಿ ಅಮೆರಿಕ ಶಿಶುಪಾಲನಾ ಕೇಂದ್ರಗಳು ನಿಂತುಹೋಗದಂತೆ ಸುಮಾರು 2,400 ಕೋಟಿ ಡಾಲರ್ ಕೊಟ್ಟಿತ್ತು. 2023ರ ಸೆಪ್ಟೆಂಬರ್ 30ಕ್ಕೆ ಅದರ ಗಡುವು ಮುಗಿಯಿತು. ಆ ದಿನಾಂಕಕ್ಕೆ ಅಲ್ಲಿನವರು ಇಟ್ಟ ಹೆಸರೇ ಶಿಶುಪಾಲನೆಯ ಪ್ರಪಾತ.

ಹಾಗಾಗಿ ಬಜೆಟ್ ಮೂರು ಕಾಲಂನಲ್ಲಿರಲಿ: ಮೊದಲ ವರ್ಷ, ಎರಡನೇ ವರ್ಷ, ಅನುದಾನ ಇಲ್ಲದ ವರ್ಷ. ಮೂರನೇ ಕಾಲಂ ತುಂಬಲು ಆಗದಿದ್ದರೆ 30 ಹೊಸ ಸೀಟು ಕೇಳಬೇಡಿ, 15 ಕೇಳಿ. ತೆರೆದು ಮುಚ್ಚುವ ಸೀಟಿಗಿಂತ ತೆರೆಯದ ಸೀಟೇ ವಾಸಿ. ಮುಚ್ಚಿದ ದಿನ ಬೀದಿಗೆ ಬರುವುದು ನಿಮ್ಮನ್ನು ನಂಬಿ ಕೆಲಸಕ್ಕೆ ಸೇರಿದ ತಾಯಂದಿರು.

ಸಬ್ಸಿಡಿ ಕೊಡುವ ಇಲಾಖೆಗೆ ಒಂದು ಪ್ರಶ್ನೆ ಕೇಳಲೇಬೇಕು: ದಾಖಲಾದ ಮಕ್ಕಳ ಲೆಕ್ಕದಲ್ಲಿ ಕೊಡುತ್ತೀರಾ, ಹಾಜರಾದ ಮಕ್ಕಳ ಲೆಕ್ಕದಲ್ಲಾ? ವಿಪತ್ತಿನ ನಂತರದ ತಿಂಗಳುಗಳಲ್ಲಿ ಮಕ್ಕಳು ಒಂದು ವಾರ ಬರುತ್ತಾರೆ, ಒಂದು ವಾರ ಇಲ್ಲ. ರಸ್ತೆ ಮುಚ್ಚಿರುತ್ತದೆ, ಜ್ವರ ಇರುತ್ತದೆ. ಹಾಜರಿ ಲೆಕ್ಕವಾದರೆ ನಿಮ್ಮ ಆದಾಯ ಅರ್ಧ ಆಗಬಹುದು. ಇಂತಿಷ್ಟು ತಿಂಗಳ ಮಟ್ಟಿಗೆ ದಾಖಲಾತಿ ಲೆಕ್ಕದಲ್ಲೇ ಕೊಡಿ ಅಂತ ಲಿಖಿತವಾಗಿ ಕೇಳಿ.

6. ಅರ್ಜಿ ಬರೆಯಿರಿ, ಕಥೆ ಬರೆಯಬೇಡಿ

ದುಃಖ ಎಲ್ಲರ ಅರ್ಜಿಯಲ್ಲೂ ಇರುತ್ತದೆ. ಓದುವವರು ಹುಡುಕುವುದು ಸಂಖ್ಯೆ ಮತ್ತು ಯಾವ ಜೇಬು ಅನ್ನುವುದು. ಮೊದಲ ಪ್ಯಾರಾ ಹೀಗಿದ್ದರೆ ಸಾಕು:

"ವಿಪತ್ತಿಗೆ ಮೊದಲು ನಮ್ಮ ಕೇಂದ್ರಕ್ಕೆ 60 ಮಕ್ಕಳ ಪರವಾನಗಿ ಇತ್ತು. ಈಗ 25 ಮಕ್ಕಳಿಗೆ ಮಾತ್ರ ಜಾಗವಿದೆ. ಕಾಯುವ ಪಟ್ಟಿಯಲ್ಲಿ 65 ಮಕ್ಕಳಿದ್ದಾರೆ, ಅವರಲ್ಲಿ 24 ಮಕ್ಕಳು ಮೂರು ವರ್ಷದೊಳಗಿನವರು. ಹಳೆಯ 35 ಸೀಟುಗಳನ್ನು ಮರಳಿ ತೆರೆಯಲು ದುರಸ್ತಿ ನಿಧಿಗೆ ಪ್ರತ್ಯೇಕ ಅರ್ಜಿ ಸಲ್ಲಿಸಿದ್ದೇವೆ. ಈ ಅರ್ಜಿ ಹೊಸ 30 ಸೀಟುಗಳಿಗೆ ಮಾತ್ರ. ಅನುದಾನ ಮುಗಿದ ನಂತರ ಈ ಸೀಟುಗಳನ್ನು ನಡೆಸುವ ಲೆಕ್ಕವನ್ನು ಲಗತ್ತಿಸಿದೆ."

ಜತೆಗೆ ಇಡಬೇಕಾದವು: ಪರವಾನಗಿ ಪ್ರತಿ, ನೋಂದಣಿ ಪತ್ರ, ಜಾಗದ ಒಡೆತನ ಅಥವಾ ಬಾಡಿಗೆ ಕರಾರು, ಹಿಂದಿನ ವರ್ಷದ ಆಡಿಟ್ ವರದಿ, ಕೊಟೇಶನ್‌ಗಳು, ಮೊದಲ ಹಂತದ ಫೋಟೊ. ಬಾಡಿಗೆ ಜಾಗವಾದರೆ ಮಾಲೀಕರ ಒಪ್ಪಿಗೆ ಪತ್ರ ಮರೆಯಬೇಡಿ. ನಿಮ್ಮ ಮಕ್ಕಳ ಪೋಷಕರು ಕೆಲಸ ಮಾಡುವ ಆಸ್ಪತ್ರೆ ಅಥವಾ ಕಾರ್ಖಾನೆಯಿಂದ "ಶಿಶುಪಾಲನೆ ಇಲ್ಲದೆ ನಮ್ಮ ಇಷ್ಟು ಸಿಬ್ಬಂದಿ ಕೆಲಸಕ್ಕೆ ಮರಳಿಲ್ಲ" ಅನ್ನುವ ಒಂದು ಪತ್ರ ಸಿಕ್ಕರೆ ಅದು ಹತ್ತು ಪುಟದ ವಿವರಣೆಗಿಂತ ಮೇಲು.

ಗಡುವನ್ನು ಮೊದಲ ದಿನವೇ ಗೋಡೆಗೆ ಬರೆಯಿರಿ. ಫೆಮಾದಲ್ಲಿ ನೆರವು ಕೋರುವ ಮೊದಲ ಅರ್ಜಿಗೆ ಸಾಮಾನ್ಯವಾಗಿ ವಿಪತ್ತು ಘೋಷಣೆಯಾಗಿ ನಿಮ್ಮ ಪ್ರದೇಶ ಪಟ್ಟಿಗೆ ಸೇರಿದ ಮೇಲೆ 30 ದಿನ ಮಾತ್ರ. ಪೂರ್ತಿ ವಿವರ ಇಲ್ಲದಿದ್ದರೂ ಆ ಮೊದಲ ಅರ್ಜಿ ಹಾಕಿಬಿಡಿ. ವಿವರ ಆಮೇಲೆ ಸೇರಿಸಬಹುದು, ತಪ್ಪಿದ ದಿನವನ್ನು ಸೇರಿಸಲಾಗುವುದಿಲ್ಲ.

7. ಕೆಲಸ ಶುರುಮಾಡುವ ಮೊದಲು ಮೂರು ತಡೆ

ಒಂದು, ಒಂದೇ ಹಾನಿಗೆ ಎರಡು ಕಡೆ ಹಣ ಪಡೆಯಬಾರದು. ಇದಕ್ಕೆ ಇಮ್ಮಡಿ ನೆರವು ಅನ್ನುತ್ತಾರೆ. ಅಮೆರಿಕದಲ್ಲಿ ಸ್ಟಾಫರ್ಡ್ ಕಾಯ್ದೆಯ 312ನೇ ಸೆಕ್ಷನ್ ಇದನ್ನು ತಡೆಯುತ್ತದೆ. ಛಾವಣಿಗೆ ವಿಮೆ ಹಣ ಬಂದಿದ್ದರೆ ಅದೇ ಛಾವಣಿಗೆ ಅನುದಾನ ಬಳಸಿದರೆ ವಾಪಸ್ ಕಟ್ಟಬೇಕಾಗುತ್ತದೆ, ಅದೂ ಖರ್ಚಾಗಿ ಹೋದ ಮೇಲೆ. ಹಲವು ಕಡೆ ಅರ್ಜಿ ಹಾಕುವುದು ತಪ್ಪಲ್ಲ. ಯಾವ ಕೆಲಸಕ್ಕೆ ಯಾವ ಹಣ ಅನ್ನುವ ಒಂದು ಪಟ್ಟಿ ಇಟ್ಟುಕೊಳ್ಳಿ.

ಎರಡು, ಹಣ ಮುಂಗಡವಾ, ಮರುಪಾವತಿಯಾ ಕೇಳಿ. ಮರುಪಾವತಿ ಅಂದರೆ ನೀವು ಮೊದಲು ಖರ್ಚು ಮಾಡಿ ಬಿಲ್ ಕೊಟ್ಟರೆ ಆಮೇಲೆ ಹಣ ಬರುತ್ತದೆ. ಮಂಜೂರಾತಿ ಪತ್ರ ಹಿಡಿದು ಗುತ್ತಿಗೆದಾರರಿಗೆ ಮಾತು ಕೊಟ್ಟು, ಕೊಡಲು ಕೈಯಲ್ಲಿ ಕಾಸಿಲ್ಲದೆ ಒದ್ದಾಡಿದವರು ಬಹಳ ಜನ. ಬ್ಯಾಂಕಿನ ಅಲ್ಪಾವಧಿ ಸಾಲಕ್ಕೆ ಮೊದಲೇ ಮಾತಾಡಿಟ್ಟುಕೊಳ್ಳಿ.

ಮೂರು, ತುರ್ತು ಸ್ವಚ್ಛತೆ ಮಾಡಬಹುದು, ಆದರೆ ಶಾಶ್ವತ ಕಟ್ಟಡ ಕೆಲಸವನ್ನು ಒಪ್ಪಿಗೆಗೆ ಮೊದಲು ಶುರುಮಾಡಬೇಡಿ. ಪರಿಸರ ಪರಿಶೀಲನೆ ಆಗದೆ ಅಡಿಪಾಯ ತೋಡಿದರೆ ಆ ಭಾಗದ ಹಣ ಕೈತಪ್ಪಬಹುದು. ಪರಿಚಯದ ಮೇಸ್ತ್ರಿ ಎಷ್ಟೇ ಒಳ್ಳೆಯವರಾಗಿರಲಿ, ಅವರ ಕೊಟೇಶನ್ ಜತೆ ಇನ್ನೆರಡು ಇರಲಿ.

8. ಹಣ ಬಂದ ಮೇಲೆ

ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಆಗದಿದ್ದರೆ ಪ್ರತ್ಯೇಕ ಲೆಕ್ಕದ ಪುಸ್ತಕವಾದರೂ ಇರಲಿ. ಭಾರತದಲ್ಲಿ ಅನುದಾನ ಪಡೆದ ಸಂಸ್ಥೆ ಬಳಕೆ ಪ್ರಮಾಣಪತ್ರ ಕೊಡಬೇಕು, ಅಂದರೆ ಕೊಟ್ಟ ಹಣವನ್ನು ಕೊಟ್ಟ ಉದ್ದೇಶಕ್ಕೇ ಬಳಸಿದ್ದೇವೆ ಅನ್ನುವ ಲೆಕ್ಕಪತ್ರ. ಹಣಕಾಸು ವರ್ಷ ಮುಗಿದ 12 ತಿಂಗಳೊಳಗೆ ಅದು ಹೋಗಬೇಕು, ಇಲ್ಲದಿದ್ದರೆ ಮುಂದಿನ ಕಂತಿಗೆ ತೊಡಕು. ಅಮೆರಿಕದ ಒಕ್ಕೂಟ ಅನುದಾನಗಳ ದಾಖಲೆಯನ್ನು ಸಾಮಾನ್ಯವಾಗಿ 3 ವರ್ಷ ಇಟ್ಟುಕೊಳ್ಳಬೇಕು.

ಸಿಬ್ಬಂದಿಯನ್ನು ಕಟ್ಟಡ ಮುಗಿದ ಮೇಲೆ ಹುಡುಕಬೇಡಿ. ಅವರ ಮನೆಯೂ ಮುಳುಗಿರುತ್ತದೆ, ಬೇರೆ ಕೆಲಸ ಸಿಕ್ಕರೆ ಹೋಗಿಬಿಡುತ್ತಾರೆ. ತಾತ್ಕಾಲಿಕ ಕೇಂದ್ರದ ಮೊದಲ ದಿನದಿಂದ ಅವರ ಸಂಬಳ ನಿಲ್ಲದಂತೆ ನೋಡಿಕೊಳ್ಳಿ. ಹೊಸಬರನ್ನು ತೆಗೆದುಕೊಳ್ಳುವಾಗ ಆತುರದಲ್ಲಿ ಹಿನ್ನೆಲೆ ಪರಿಶೀಲನೆ ಬಿಟ್ಟುಬಿಡಬೇಡಿ. ವಿಪತ್ತಿನ ನಂತರದ ಗಲಿಬಿಲಿಯಲ್ಲಿ ಮಕ್ಕಳಿಗೆ ಅಪಾಯ ಹೆಚ್ಚು. ವರದಿ ಬರುವವರೆಗೆ ಹೊಸಬರು ಮಕ್ಕಳ ಜತೆ ಒಂಟಿಯಾಗಿ ಇರಬಾರದು.

9. ತಿರಸ್ಕಾರವಾದರೆ

ಮೊದಲು ಕಾರಣವನ್ನು ಬರಹದಲ್ಲಿ ಕೇಳಿ. "ಅರ್ಹರಲ್ಲ" ಅನ್ನುವುದಕ್ಕೂ "ದಾಖಲೆ ಸಾಲದು" ಅನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದಾದರೆ ಕಾಗದ ಸೇರಿಸಿ ಮತ್ತೆ ಕೊಡಿ. ಮೊದಲನೆಯದಾದರೆ ಯಾವ ನಿಯಮದ ಪ್ರಕಾರ ಅಂತ ಕೇಳಿ, ಆ ನಿಯಮ ಓದಿ, ಮೇಲ್ಮನವಿ ಹಾಕಿ. ಫೆಮಾದ ದುರಸ್ತಿ ನೆರವಿನಲ್ಲಿ ಮೇಲ್ಮನವಿಗೆ ನಿರ್ಧಾರ ತಿಳಿದ ಮೇಲೆ 60 ದಿನ ಕೊಡುತ್ತಾರೆ. ಜೇಬೇ ತಪ್ಪಾಗಿದ್ದರೆ ಮೇಲ್ಮನವಿಯಲ್ಲಿ ಕಾಲ ಕಳೆಯಬೇಡಿ, ಅದೇ ಕಡತವನ್ನು ಸರಿಯಾದ ಇಲಾಖೆಗೆ ಒಯ್ಯಿರಿ. ಎರಡನೇ ಹಂತದ ಮೂರು ಸಂಖ್ಯೆ ಎಲ್ಲ ಕಡೆಯೂ ಕೆಲಸಕ್ಕೆ ಬರುತ್ತದೆ.

10. ಕಡತದ ಇನ್ನೊಂದು ಪ್ರತಿ

ಪರವಾನಗಿ, ವಿಮೆ, ಸಾಮಾನಿನ ಪಟ್ಟಿ, ಮಕ್ಕಳ ಮತ್ತು ಪೋಷಕರ ವಿವರ, ಇವುಗಳ ಪ್ರತಿ ಕೇಂದ್ರದ ಹೊರಗೆ ಇರಬೇಕು. ಒಂದು ಆನ್‌ಲೈನ್‌ನಲ್ಲಿ, ಒಂದು ಬೇರೆ ಊರಿನ ನಂಬಿಕಸ್ಥರ ಹತ್ತಿರ. ಅನುದಾನಕ್ಕಾಗಿ ಮಾತ್ರ ಅಲ್ಲ. 2005ರ ಕತ್ರೀನಾ ಮತ್ತು ರೀಟಾ ಚಂಡಮಾರುತಗಳ ನಂತರ ಅಮೆರಿಕದಲ್ಲಿ 5,192 ಮಕ್ಕಳು ಕಾಣೆಯಾದ ಅಥವಾ ಮನೆಯವರಿಂದ ಬೇರ್ಪಟ್ಟ ದೂರು ದಾಖಲಾಗಿತ್ತು. ಕೊನೆಯ ಮಗು ಮನೆಯವರನ್ನು ಸೇರಿದ್ದು 2006ರ ಮಾರ್ಚ್‌ನಲ್ಲಿ. ಪ್ರತಿ ಮಗುವಿನ ಹೆಸರಿನ ಮುಂದೆ, ಆ ಊರಿನಲ್ಲಿ ಇಲ್ಲದ ಒಬ್ಬ ನೆಂಟರ ಫೋನ್ ನಂಬರು ಬರೆದುಕೊಳ್ಳಿ. ಮಗುವನ್ನು ಸೇರಿಸುವ ಫಾರಂನಲ್ಲೇ ಆ ಕಾಲಂ ಇಟ್ಟುಬಿಡಿ, ವರ್ಷಕ್ಕೆರಡು ಸಲ ನಂಬರು ಸರಿಯಿದೆಯಾ ಅಂತ ಕರೆ ಮಾಡಿ ನೋಡಿ.